ಎಬಿಎಸ್ ಲೈಟ್ ಹತ್ತಿದ್ರೆ ಸೆನ್ಸರ್ ಕೊಳ್ಳೋಕೆ ಮುಂಚೆ ವೀಲ್ ಬಿಚ್ಚಿ ನೋಡಿ

ಎರಡು ಮಳೆಗಾಲದ ಹಿಂದಿನ ಮಾತು. ಆಗುಂಬೆ ಘಾಟಿ ಇಳೀತಿದ್ವಿ, 14 ತಿರುವು ಇದಾವಲ್ಲ, ಅದ್ರಲ್ಲಿ ನಾಲ್ಕನೇದೋ ಐದನೇದೋ ತಿರುವಲ್ಲಿ ಮುಂದಿದ್ದ ಬಸ್ಸು ನಿಂತ್ಕೊಳ್ತು ಅಂತ ನಾನೂ ಮೆತ್ತಗೆ ಬ್ರೇಕ್ ಒತ್ತಿದೆ. ಕಾರು ಇನ್ನೇನು ನಿಂತೇಬಿಡ್ತು ಅನ್ನೋವಷ್ಟರಲ್ಲಿ ಪೆಡಲ್ಲು ಕಾಲಡಿಗೆ ಗರ್ ಗರ್ ಗರ್ ಅಂತ ನಡುಗಿ ಕಾರು ಒಂದೆರಡು ಅಡಿ ಮುಂದಕ್ಕೆ ಜಾರಿಬಿಡ್ತು. ಬಸ್ಸಿನ ಬಂಪರ್‌ಗೂ ನಮಗೂ ಒಂದು ಗೇಣು. ಪಕ್ಕದಲ್ಲಿ ಕೂತಿದ್ದ ಭಾವ "ಎಂತ ಮಾರಾಯ, ಬ್ರೇಕ್ ಹಿಡೀತಿಲ್ವಾ?" ಅಂದ್ರು, ನನಗೆ ಮಾತೇ ಹೊರಡ್ಲಿಲ್ಲ. ಸೋಮೇಶ್ವರಕ್ಕೆ ಬರೋಷ್ಟರಲ್ಲಿ ಡ್ಯಾಶ್‌ಬೋರ್ಡಲ್ಲಿ ಹಳದಿ ಎಬಿಎಸ್ ಲೈಟ್ ಹತ್ಕೊಂಡು ಕೂತಿತ್ತು. ಎಬಿಎಸ್ ಅಂದ್ರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ.

ಊರಿಗೆ ಬಂದು ಒಂದು ಗ್ಯಾರೇಜಿಗೆ ತೋರಿಸಿದ್ರೆ ವೀಲ್ ಬಿಚ್ಚದೇನೇ "ಸೆನ್ಸರ್ ಹೋಗಿದೆ ಸಾರ್, ಮುಂದಿನ ಎರಡೂ ಹಾಕ್ಸಿಬಿಡಿ" ಅಂದ್ರು. ನಾನೂ ಒಪ್ಕೊಂಡೇ ಬಿಡ್ತಿದ್ದೆ, ಆದ್ರೆ ಪಾರ್ಟ್ ಬರೋಕೆ ನಾಲ್ಕು ದಿನ ಅಂದಿದ್ರಿಂದ ಅಷ್ಟರೊಳಗೆ ಒಂದ್ಸಲ ನಾವೇ ನೋಡೋಣ ಅಂತ ಅಂಗಳದಲ್ಲೇ ಬಿಚ್ಚಿದ್ವಿ. ಸೆನ್ಸರ್‌ಗೆ ಏನೂ ಆಗಿರ್ಲಿಲ್ಲ. ತುದಿಗೆ ಮಾತ್ರ ಕರೀ ಮೀಸೆ ಬಂದಿತ್ತು, ನಿಜವಾಗ್ಲೂ, ಬ್ರೇಕ್ ಡಿಸ್ಕ್ ಸವೆದು ಉದುರಿದ ಕಬ್ಬಿಣದ ಪುಡಿ ಸೆನ್ಸರ್ ಒಳಗಿನ ಮ್ಯಾಗ್ನೆಟ್ಟಿಗೆ ಹಿಡ್ಕೊಂಡು ಕೂದಲು ನಿಗುರಿದ ಹಾಗೆ ನಿಂತಿತ್ತು, ಮೇಲಿಂದ ನಮ್ಮ ಮಲೆನಾಡಿನ ಕೆಂಪು ಕೆಸರು ಬೇರೆ. ಒರೆಸಿ ಹಾಕಿದ್ವಿ, ಲೈಟ್ ಹೋಯ್ತು. ಅವತ್ತಿಂದ ಯಾರೇ ಎಬಿಎಸ್ ಲೈಟ್ ಅಂದ್ರೂ ನಾನು ಹೇಳೋದು ಒಂದೇ, ಸೆನ್ಸರ್‌ನ ಕೊನೇಲಿ ನೋಡಿ, ಮೊದ್ಲು ಅದು ಕೂತಿರೋ ಜಾಗ ನೋಡಿ, ವೈರ್ ನೋಡಿ, ರಿಂಗ್ ನೋಡಿ.

ಈ ಸೆನ್ಸರ್ ಏನ್ ಮಾಡತ್ತೆ

ಪ್ರತಿ ಚಕ್ರದ ಹತ್ರ ಒಂದೊಂದು ಇರತ್ತೆ, ಬೆರಳಿನ ತುದಿಯಷ್ಟು ದಪ್ಪದ ಕರೀ ಪ್ಲಾಸ್ಟಿಕ್ ತಲೆ, ಅದಕ್ಕೊಂದು ಬೋಲ್ಟು, ಅದರಿಂದ ಒಂದು ವೈರು. ಅದರ ಎದುರಿಗೆ ಚಕ್ರದ ಜೊತೆ ತಿರುಗೋ ಒಂದು ರಿಂಗ್. ಚಕ್ರ ಎಷ್ಟು ಜೋರಾಗಿ ತಿರುಗ್ತಿದೆ ಅಂತ ಸೆನ್ಸರ್ ಎಬಿಎಸ್ ಕಂಪ್ಯೂಟರ್‌ಗೆ ಹೇಳ್ತಾ ಇರತ್ತೆ, ಬ್ರೇಕ್ ಒತ್ತಿದಾಗ ಯಾವುದೋ ಒಂದು ಚಕ್ರ ಮಾತ್ರ ಸಡನ್ನಾಗಿ ನಿಂತ್ಹೋಗ್ತಿದೆ ಅಂತ ಗೊತ್ತಾದ್ರೆ ಕಂಪ್ಯೂಟರ್ ಆ ಚಕ್ರದ ಬ್ರೇಕ್ ಪ್ರೆಶರ್ ಬಿಟ್ಟು ಹಿಡಿದು ಬಿಟ್ಟು ಹಿಡಿದು ಮಾಡತ್ತೆ. ನಮ್ಮ ಕಾರಲ್ಲಿ ಆಗಿದ್ದೂ ಇದೇ, ಕೊಳೆ ಹಿಡಿದ ಸೆನ್ಸರ್ ನಿಧಾನ ಸ್ಪೀಡಲ್ಲಿ ಸಿಗ್ನಲ್ ಕೊಡೋದು ನಿಲ್ಲಿಸ್ತು, ಕಂಪ್ಯೂಟರ್ ಓಹೋ ಚಕ್ರ ಲಾಕ್ ಆಯ್ತು ಅಂದ್ಕೊಂಡು ಚೆನ್ನಾಗಿ ಹಿಡಿದಿದ್ದ ಬ್ರೇಕ್‌ನೇ ಸಡಿಲ ಬಿಟ್ಟುಬಿಡ್ತು.

1978ರಲ್ಲಿ ಬಾಷ್ ಕಂಪನಿ ಮರ್ಸಿಡಿಸ್ ಎಸ್ ಕ್ಲಾಸ್‌ಗೆ ಎಲೆಕ್ಟ್ರಾನಿಕ್ ಎಬಿಎಸ್ ಹಾಕಿದಾಗ ಇದು ಶ್ರೀಮಂತರ ಆಟಿಕೆ, ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲಾ ಹೊಸ ಕಾರಿಗೂ ಕಡ್ಡಾಯ ಆಯ್ತು, ಹಾಗಾಗಿ ಇನ್ಮೇಲೆ ಈ ಲೈಟಿನ ಕಾಟ ಎಲ್ಲರ ಮನೆಗೂ ಬರೋದೇ.

ಸೆನ್ಸರ್‌ನಲ್ಲಿ ಎರಡು ಜಾತಿ. ಹಳೇ ಕಾರುಗಳಲ್ಲಿ ಪ್ಯಾಸಿವ್, ಒಳಗೆ ಒಂದು ಮ್ಯಾಗ್ನೆಟ್ಟು, ಅದರ ಸುತ್ತ ತಂತಿ ಸುರುಳಿ, ಎದುರಿಗೆ ಹಲ್ಲಿರೋ ಕಬ್ಬಿಣದ ರಿಂಗ್, ಡೈನಮೋ ಥರ ತಾನೇ ಕರೆಂಟ್ ಹುಟ್ಟಿಸತ್ತೆ. ಈಗಿನ ಕಾರುಗಳಲ್ಲಿ ಆಕ್ಟಿವ್, ಇದಕ್ಕೆ ಕಂಪ್ಯೂಟರ್ ಕಡೆಯಿಂದ ವೋಲ್ಟೇಜ್ ಬರ್ಬೇಕು, ಸಿಗ್ನಲ್ ಹೋಗೋದು 7 ಮತ್ತು 14 ಮಿಲಿಆಂಪ್ ಮಧ್ಯೆ ಹಾರೋ ಕರೆಂಟಿನ ರೂಪದಲ್ಲಿ. ಇಂಥವುಗಳಲ್ಲಿ ತುಂಬಾ ಸಲ ಹಲ್ಲಿನ ರಿಂಗೇ ಇರಲ್ಲ, ವೀಲ್ ಬೇರಿಂಗ್‌ನ ಸೀಲ್ ಒಳಗೇ ಮ್ಯಾಗ್ನೆಟ್ ಪಟ್ಟಿ ಇರತ್ತೆ, ನೋಡೋಕೆ ಮಾಮೂಲಿ ಕರೀ ರಬ್ಬರ್ ಸೀಲ್ ಥರಾನೇ ಕಾಣತ್ತೆ. ಬೇರಿಂಗ್ ಹಾಕುವಾಗ ಹಿಂದುಮುಂದು ಮಾಡಿ ಕೂರಿಸಿದ್ರೆ ಆ ಪಟ್ಟಿ ಆಚೆ ಕಡೆ ಹೋಗಿ ಸೆನ್ಸರ್‌ಗೆ ಏನೂ ಕಾಣದೆ ಲೈಟ್ ಬರತ್ತೆ. ಬೇರಿಂಗ್ ಹಾಕಿಸಿದ ಮಾರನೇ ದಿನವೇ ಲೈಟ್ ಬಂತು ಅಂದ್ರೆ ಮೊದಲ ಅನುಮಾನ ಅಲ್ಲೇ ಇಡಿ.

ಬಿಚ್ಚೋಕೆ ಮುಂಚೆ

ಹಳದಿ ಎಬಿಎಸ್ ಲೈಟ್ ಒಂದೇ ಇದ್ರೆ ಮಾಮೂಲಿ ಬ್ರೇಕ್ ಕೆಲಸ ಮಾಡತ್ತೆ, ಎಬಿಎಸ್ ಮಾತ್ರ ಇಲ್ಲ, ನಿಧಾನಕ್ಕೆ ಓಡಿಸ್ಕೊಂಡು ಬರಬಹುದು. ಅದರ ಜೊತೆ ಕೆಂಪು ಬ್ರೇಕ್ ಲೈಟೂ ಹತ್ತಿದ್ರೆ ಅದು ಬೇರೆ ಕಥೆ, ಬ್ರೇಕ್ ಆಯಿಲ್ ಕಮ್ಮಿ ಆಗಿರಬಹುದು ಅಥವಾ ಹಿಂದೆ ಮುಂದೆ ಬ್ರೇಕ್ ಹಂಚೋ ಇಬಿಡಿನೂ ಹೋಗಿರಬಹುದು, ಆ ಗಾಡಿ ಓಡಿಸಬೇಡಿ, ಈ ಲೇಖನವನ್ನೂ ಅಲ್ಲಿಗೇ ಬಿಟ್ಟು ಮೆಕ್ಯಾನಿಕ್‌ನ ಕರೀರಿ.

ಇನ್ನೊಂದು, ಇತ್ತೀಚೆಗೆ ಪಂಚರ್ ಆಗಿ ಸ್ಟೆಪ್ನಿ ಹಾಕಿದೀರಾ? ಅಲಾಯ್ ವೀಲ್ ಇರೋ ಎಷ್ಟೋ ಕಾರುಗಳಿಗೆ ಸ್ಟೆಪ್ನಿ ಚಿಕ್ಕ ಸೈಜಿಂದು ಕೊಟ್ಟಿರ್ತಾರೆ, ಆ ಚಕ್ರ ಬೇರೆ ಮೂರಕ್ಕಿಂತ ಜಾಸ್ತಿ ತಿರುಗತ್ತೆ, ಕಂಪ್ಯೂಟರ್‌ಗೆ ತಲೆ ಕೆಡತ್ತೆ. ಬ್ಯಾಟರಿ ಡಲ್ ಆಗಿದ್ರೂ ಎಬಿಎಸ್ ಲೈಟ್ ಬರೋದುಂಟು. ಇವೆರಡಕ್ಕೂ ಸ್ಪ್ಯಾನರ್ ಹಿಡಿಯೋ ಕೆಲಸಾನೇ ಇಲ್ಲ.

ಆಮೇಲೆ ಯಾವ ಚಕ್ರ ಅಂತ ಗೊತ್ತಾಗ್ಬೇಕು. ಕಾರಿನ ಕಂಪ್ಯೂಟರ್ ತೊಂದರೆನ ಒಂದು ಕೋಡ್ ನಂಬರಾಗಿ ಬರೆದಿಟ್ಕೊಂಡಿರತ್ತೆ. ಆನ್‌ಲೈನಲ್ಲಿ ಸಿಗೋ ಅಗ್ಗದ ಬ್ಲೂಟೂತ್ ಓಬಿಡಿ ಡಾಂಗಲ್‌ಗಳು (ಕಾರಿಗೆ ಚುಚ್ಚಿ ಮೊಬೈಲಲ್ಲಿ ಕೋಡ್ ನೋಡೋ ಚಿಕ್ಕ ಸಾಧನ) ಸಾಮಾನ್ಯವಾಗಿ ಇಂಜಿನ್ ಕೋಡ್ ಮಾತ್ರ ಓದ್ತವೆ, ಎಬಿಎಸ್ ಕೋಡ್ ಓದೋಕೆ ನಿಮ್ಮ ಕಾರಿನ ಎಬಿಎಸ್‌ಗೆ ಸಪೋರ್ಟ್ ಇರೋ ಆ್ಯಪ್ ಅಥವಾ ಸ್ಕ್ಯಾನರ್ ಬೇಕು, ಇಲ್ಲಾಂದ್ರೆ ಗ್ಯಾರೇಜಲ್ಲಿ ಸ್ಕ್ಯಾನ್ ಮಾತ್ರ ಮಾಡಿಸ್ಕೊಂಡು ಕೋಡ್ ಬರ್ಕೊಂಡು ಬನ್ನಿ. ಸಾಮಾನ್ಯ ಪಟ್ಟಿಯಲ್ಲಿ ಸಿ0035 ಅಂದ್ರೆ ಮುಂದಿನ ಎಡ, ಸಿ0040 ಮುಂದಿನ ಬಲ, ಸಿ0045 ಹಿಂದಿನ ಎಡ, ಸಿ0050 ಹಿಂದಿನ ಬಲ, ಆದ್ರೆ ಕಂಪನಿಗಳು ತಮ್ಮದೇ ನಂಬರ್ ಇಟ್ಕೊಂಡಿರ್ತಾರೆ, ಹ್ಯುಂಡೈನಲ್ಲಿ ಮುಂದಿನ ಎಡಕ್ಕೆ ಸಿ1200ರಿಂದ ಶುರು ಆಗತ್ತೆ. ಎಡ ಬಲ ಅನ್ನೋದು ಡ್ರೈವರ್ ಸೀಟಲ್ಲಿ ಕೂತು ಮುಂದೆ ನೋಡಿದಾಗಿನ ಎಡ ಬಲ, ಕಾರಿನ ಎದುರಿಗೆ ನಿಂತು ನೋಡಿದಾಗಿಂದಲ್ಲ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಭಾವ ಮೊದಲ ದಿನ ತಪ್ಪು ಚಕ್ರ ಬಿಚ್ಚಿ ಅರ್ಧ ಗಂಟೆ ಕ್ಲೀನ್ ಮಾಡಿದ್ರು.

ಕೋಡ್‌ನ ಪಕ್ಕದ ಮಾತೂ ಓದಿ. ಓಪನ್ (ಎಲ್ಲೋ ತುಂಡಾಗಿದೆ) ಅಥವಾ ಶಾರ್ಟ್ (ತಂತಿಗಳು ಒಂದಕ್ಕೊಂದು ತಾಗಿವೆ) ಅಂತಿದ್ರೆ ವೈರ್, ಕನೆಕ್ಟರ್, ಇಲ್ಲಾ ಸೆನ್ಸರ್ ಒಳಗಿನದು, ಅಂಥದ್ದು ಒರೆಸಿದ್ರೆ ಸರಿಹೋಗಲ್ಲ. ಸಿಗ್ನಲ್ ಇಲ್ಲ, ಸಿಗ್ನಲ್ ಸರಿಯಿಲ್ಲ, ಬಂದು ಬಂದು ಹೋಗ್ತಿದೆ ಅನ್ನೋ ಥರ ಇದ್ರೆ ಕೊಳೆ, ತುಕ್ಕು, ರಿಂಗ್ ಸೀಳಿರೋದು, ಬೇರಿಂಗ್ ಆಟ (ಸವೆದು ಅಲ್ಲಾಡೋದು), ಇವೆಲ್ಲಾ ಬರ್ತವೆ, ಕ್ಲೀನಿಂಗ್‌ನಿಂದ ಉಪಯೋಗ ಆಗೋದು ಈ ಜಾತಿಯಲ್ಲೇ.

ಸಾಮಾನು ಜಾಸ್ತಿ ಏನೂ ಬೇಡ. ಜಾಕ್, ವೀಲ್ ಸ್ಪ್ಯಾನರ್, ಜಾಕ್ ಸ್ಟ್ಯಾಂಡ್, 10 ನಂಬರ್ ಸಾಕೆಟ್ ಇರೋ ರಾಚೆಟ್ (ಕೆಲವು ಕಾರಿಗೆ 5 ಎಂಎಂ ಎಲೆನ್ ಕೀ ಬೇಕಾಗತ್ತೆ), ತುಕ್ಕು ಬಿಡಿಸೋ ಸ್ಪ್ರೇ, ಬ್ರೇಕ್ ಕ್ಲೀನರ್ ಸ್ಪ್ರೇ, ಹಳೇ ಟೂತ್ ಬ್ರಶ್, ಎಮರಿ ಪೇಪರ್, ಬಟ್ಟೆ, ಟಾರ್ಚ್, ಒಂದು ಮಲ್ಟಿಮೀಟರ್. ಜಾಕ್ ಸ್ಟ್ಯಾಂಡ್ ಇಲ್ಲ ಅಂದ್ರೆ ಯಾರ ಹತ್ರನಾದ್ರೂ ಇಸ್ಕೊಂಡು ಬನ್ನಿ, ಕಾರಿನ ಜೊತೆ ಬರೋ ಜಾಕ್ ಸ್ಟೆಪ್ನಿ ಬದಲಾಯಿಸೋಕೆ ಮಾತ್ರ, ಅದರ ಭರವಸೆ ಮೇಲೆ ಕೈ ತಲೆ ಒಳಗೆ ಹಾಕೋದು ಬೇಡ. ಇಟ್ಟಿಗೆ, ಹಾಲೋ ಬ್ಲಾಕ್ ಜೋಡಿಸೋದು ಇನ್ನೂ ಅಪಾಯ, ಪಟ್ ಅಂತ ಒಡೀತವೆ.

ಎತ್ತೋದು, ಬಿಚ್ಚೋದು

ಗಟ್ಟಿಯಾದ ಮಟ್ಟಸ ನೆಲ ಬೇಕು, ಮಳೆಗಾಲದ ಅಂಗಳದ ಮಣ್ಣಲ್ಲಿ ಜಾಕ್ ಹೂತ್ಕೊಳ್ಳತ್ತೆ. ಮುಂದಿನ ಚಕ್ರದ ಕೆಲಸ ಅಂದ್ರೆ ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಚಕ್ರ ಆದ್ರೆ ಅದನ್ನ ತಿರುಗಿಸಿ ನೋಡೋಕೆ ಹ್ಯಾಂಡ್‌ಬ್ರೇಕ್ ಬಿಡಬೇಕಾಗತ್ತೆ, ಹಾಗಾಗಿ ಮುಂದಿನ ಚಕ್ರಗಳಿಗೆ ಒಳ್ಳೆ ಕಲ್ಲು ಕೊಟ್ಟು ಫಸ್ಟ್ ಗೇರಲ್ಲಿ ಇಡಿ (ಇದು ಮುಂದಿನ ಚಕ್ರ ಎಳೆಯೋ ಕಾರುಗಳಿಗೆ ಹೇಳಿದ್ದು). ವೀಲ್ ನಟ್ಟುಗಳನ್ನ ಚಕ್ರ ನೆಲದ ಮೇಲೆ ಇರುವಾಗ್ಲೇ ಅರ್ಧ ಸುತ್ತು ಸಡಿಲ ಮಾಡ್ಕೊಳ್ಳಿ, ಆಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಬಿಚ್ಚಿದ ಚಕ್ರನ ಕಾರಿನ ಅಂಚಿನ ಕೆಳಗೆ ಅಡ್ಡ ಮಲಗಿಸಿ. ಏನಾದ್ರೂ ಜಾರಿದ್ರೂ ಕಾರು ಚಕ್ರದ ಮೇಲೆ ಕೂರತ್ತೆ, ನಿಮ್ಮ ಮೇಲೆ ಅಲ್ಲ.

ಮುಂದಿನ ಸೆನ್ಸರ್ ಆದ್ರೆ ಎತ್ತೋಕೆ ಮುಂಚೇನೇ ಸ್ಟೀರಿಂಗ್ ಒಂದು ಕಡೆ ಪೂರ್ತಿ ತಿರುಗಿಸ್ಕೊಳ್ಳಿ, ಕೈ ಹೋಗೋಕೆ ಜಾಗ ಸಿಗತ್ತೆ. ಇಗ್ನಿಷನ್ ಆಫ್, ಕೀ ಜೇಬಲ್ಲಿ. ಶಾಕ್ ಅಬ್ಸಾರ್ಬರ್ ಪಕ್ಕ ರಬ್ಬರ್ ಹಿಡಿಕೆಗಳಲ್ಲಿ ಸಿಕ್ಕಿಸಿರೋ ಒಂದು ತೆಳು ಕರೀ ವೈರ್ ಕಾಣತ್ತೆ, ಅದನ್ನೇ ಹಿಡ್ಕೊಂಡು ಕೆಳಗೆ ಹೋದ್ರೆ ಸೆನ್ಸರ್ ಸಿಗತ್ತೆ. ದಪ್ಪಗಿರೋ ರಬ್ಬರ್ ಪೈಪು ಬ್ರೇಕ್ ಹೋಸ್, ಅದನ್ನ ಮುಟ್ಟೋ ಅಗತ್ಯಾನೇ ಇಲ್ಲ. ಈ ಕೆಲಸದಲ್ಲಿ ಬ್ರೇಕ್ ಆಯಿಲ್ ಲೈನ್ ಎಲ್ಲೂ ಬಿಚ್ಚಲ್ಲ, ಹಾಗಾಗಿ ಏರ್ ತೆಗೆಯೋ ತಾಪತ್ರಯವೂ ಇಲ್ಲ.

ಸೆನ್ಸರ್ ಮುಟ್ಟೋಕೆ ಮುಂಚೆ ಆ ವೈರ್‌ನ ಉದ್ದಕ್ಕೂ ಬೆರಳಾಡಿಸಿ ನೋಡಿ. ಹೋದ ವರ್ಷ ನಮ್ಮ ಕಾರಿಗೆ ಮತ್ತೆ ಲೈಟ್ ಬಂತು, ಈ ಸಲ ಹಿಂದಿನ ಎಡ, ನಾನು ಅನುಭವಸ್ಥನ ಥರ ಸೀದಾ ಸೆನ್ಸರ್ ಬಿಚ್ಚಿ ಒರೆಸಿ ಹಾಕಿದೆ, ಹೋಗ್ಲಿಲ್ಲ. ಮತ್ತೆ ಬಿಚ್ಚಿದೆ, ಮತ್ತೆ ಹೋಗ್ಲಿಲ್ಲ. ಕೊನೆಗೆ ಟಾರ್ಚ್ ಹಿಡಿದು ನೋಡಿದ್ರೆ ಒಂದು ಗೇಣು ಮೇಲೆ ಇಲಿ ನೀಟಾಗಿ ವೈರ್ ಕಡಿದಿತ್ತು, ತಾಮ್ರ ಫಳಫಳ ಹೊಳೀತಿತ್ತು. ಕೊಟ್ಟಿಗೆ ಪಕ್ಕ, ಅಡಿಕೆ ಮನೆ ಪಕ್ಕ ಗಾಡಿ ನಿಲ್ಲಿಸೋರು ಇದನ್ನೇ ಮೊದ್ಲು ನೋಡಿ.

ವೈರ್ ಸರಿ ಇದ್ರೆ ಬೋಲ್ಟಿನ ಸುತ್ತ ಬ್ರಶ್ಶಲ್ಲಿ ಮಣ್ಣು ಕೆರೆದು ತುಕ್ಕಿನ ಸ್ಪ್ರೇ ಹೊಡೆದು ಒಂದು ಕಾಫಿ ಕುಡಿದು ಬನ್ನಿ, ಕಾಲು ಗಂಟೆ ಬಿಡ್ಲೇಬೇಕು. ಡಿಸ್ಕ್ ಮೇಲೆ ಪ್ಯಾಡ್ ಮೇಲೆ ಆ ಎಣ್ಣೆ ಬೀಳದ ಹಾಗೆ ಬಟ್ಟೆ ಮುಚ್ಚಿ, ಬಿದ್ರೆ ಬ್ರೇಕ್ ಕ್ಲೀನರ್‌ನಿಂದ ಡಿಸ್ಕ್ ತೊಳೀರಿ, ಪ್ಯಾಡ್ ಎಣ್ಣೆ ಕುಡಿದಿದ್ರೆ ಅದನ್ನ ಬದಲಾಯಿಸೋದೇ. ಬೋಲ್ಟ್ ಚಿಕ್ಕದು, ಜಾಸ್ತಿ ಕಾರುಗಳಲ್ಲಿ 6 ಎಂಎಂ ದಪ್ಪದ್ದು, ಕಾರಿನ ದೊಡ್ಡ ನಟ್ಟಿಗೆ ಹಾಕೋ ಬಲ ಹಾಕಿದ್ರೆ ತಲೆ ಕಟ್ ಆಗಿ ಕೈಗೆ ಬರತ್ತೆ. ಸ್ವಲ್ಪ ಸಡಿಲ, ಸ್ವಲ್ಪ ಬಿಗಿ, ಮತ್ತೆ ಸಡಿಲ, ಹೀಗೆ ಆಡಿಸ್ತಾ ತೆಗೀರಿ.

ಬೋಲ್ಟ್ ಬಂದ್ಮೇಲೆ ನಿಜವಾದ ಪರೀಕ್ಷೆ ಶುರು. ಸೆನ್ಸರ್ ಕೂತಿರೋ ತೂತಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಪ್ಲಾಸ್ಟಿಕ್‌ನ ಕಚ್ಚಿ ಹಿಡ್ಕೊಂಡಿರತ್ತೆ, ಮಂಗಳೂರು ಉಡುಪಿ ಕಡೆ ಉಪ್ಪು ಗಾಳಿಯ ಗಾಡಿಗಳಲ್ಲಂತೂ ಕೇಳೋದೇ ಬೇಡ. ಕಟಿಂಗ್ ಪ್ಲೇಯರ್ ಹಾಕಿ ಎಳೀಬೇಡಿ, ವೈರ್ ಹಿಡಿದು ಅಂತೂ ಎಳೀಲೇಬೇಡಿ. ಸೆನ್ಸರ್‌ನಲ್ಲಿ ಬೋಲ್ಟ್ ಹೋಗೋ ಕಿವಿ ಹಿಡಿದು ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ತಿರುಗಿಸಿ, ಸ್ಪ್ರೇ ಹೊಡೀರಿ, ಮತ್ತೆ ತಿರುಗಿಸಿ. ತಿರುಗೋಕೆ ಶುರು ಆದ್ರೆ ಗೆದ್ದಂಗೆ, ತಿರುಗಿಸ್ತಾ ತಿರುಗಿಸ್ತಾ ಮೇಲೆ ಬರತ್ತೆ. ಏನ್ ಮಾಡಿದ್ರೂ ಅಲ್ಲಾಡ್ತಿಲ್ಲ, ಸೆನ್ಸರ್ ಕೆಟ್ಟಿದೆ ಅಂತ ಮೀಟರ್‌ನಲ್ಲೂ ಖಾತ್ರಿ ಆಗಿಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸಿ, ಚೆನ್ನಾಗಿರೋ ಸೆನ್ಸರ್ ಮುರಿದು ಹೊಸದು ತರೋದ್ರಲ್ಲಿ ಏನ್ ಉಳಿತಾಯ?

ಒರೆಸೋದು

ತುದಿಯ ಕಬ್ಬಿಣದ ಪುಡಿನ ಬಟ್ಟೆಯಲ್ಲಿ ಚಿವುಟಿದ ಹಾಗೆ ತೆಗೀರಿ, ಮ್ಯಾಗ್ನೆಟ್ ಆದ್ರಿಂದ ಬ್ರಶ್ ಹಾಕಿದ್ರೆ ಪುಡಿ ಅತ್ತಿಂದಿತ್ತ ಓಡಾಡತ್ತೆ ಅಷ್ಟೇ. ಉಳಿದದ್ದಕ್ಕೆ ಬ್ರೇಕ್ ಕ್ಲೀನರ್ ಬಟ್ಟೆಗೆ ಹೊಡೆದು ಒರೆಸಿ. ಪೆಟ್ರೋಲ್ ಬೇಡ, ತುದಿಗೆ ಎಮರಿ ಪೇಪರ್ ಬೇಡವೇ ಬೇಡ. ತುದಿಯ ಪ್ಲಾಸ್ಟಿಕ್ ಉಜ್ಜಿ ಹೋಗಿದ್ರೆ, ಸೀಳಿದ್ರೆ, ಅದು ರಿಂಗಿಗೆ ತಾಗಿದೆ ಅಂತ ಅರ್ಥ, ಬೇರಿಂಗ್ ಆಟ ಇದ್ಯಾ ನೋಡಿ.

ಎಮರಿ ಪೇಪರ್ ಬೇಕಾಗೋದು ತೂತಿಗೆ. ಜನ ಬಿಟ್ಟುಬಿಡೋದು ಇದನ್ನೇ. ಸೆನ್ಸರ್ ತುದಿಗೂ ರಿಂಗಿಗೂ ಮಧ್ಯೆ ಇರೋ ಗ್ಯಾಪ್ ಒಂದು ಮಿಲಿಮೀಟರ್ ಆಸುಪಾಸು, ಸೆನ್ಸರ್ ಕೂರೋ ಮುಖದಲ್ಲಿ ತುಕ್ಕಿನ ಪದರ ಅರ್ಧ ಮಿಲಿಮೀಟರ್ ಎದ್ದು ನಿಂತ್ರೂ ಸೆನ್ಸರ್ ಅಷ್ಟು ದೂರ ಹೋಗತ್ತೆ, ಹೊಸಾ ಸೆನ್ಸರ್ ಹಾಕಿದ್ರೂ ಅದೇ ರೋಗ. ಹಾಗಾಗಿ ತೂತಿನ ಒಳಗೆ ಕೆಳಗಡೆ ಬಟ್ಟೆ ಚೂರು ತುರುಕಿ (ಪುಡಿ ಬೇರಿಂಗ್ ಕಡೆ ಬೀಳಬಾರ್ದು), ಎಮರಿ ಪೇಪರ್ ಸುರುಳಿ ಸುತ್ತಿ ಒಳಗೆ ತಿರುಗಿಸಿ, ಮೇಲಿನ ಚಪ್ಪಟೆ ಮುಖಾನೂ ಉಜ್ಜಿ, ಬರೀ ಕಬ್ಬಿಣ ಕಾಣೋವರೆಗೆ. ಸೆನ್ಸರ್ ಬೆರಳಲ್ಲೇ ಒತ್ತಿದ್ರೆ ಪೂರ್ತಿ ಕೂರಬೇಕು, ಬೋಲ್ಟ್ ಬಿಗಿ ಮಾಡಿ ಎಳೆದು ಕೂರಿಸೋ ಹಾಗಿದ್ರೆ ಇನ್ನೂ ತುಕ್ಕಿದೆ. ಆಮೇಲೆ ಆ ಬಟ್ಟೆ ಚೂರು ಮರೀದೆ ತೆಗೀರಿ.

ಈಗ ಚಕ್ರದ ಹಬ್ (ಚಕ್ರ ಕೂರೋ, ತಿರುಗೋ ಭಾಗ) ಕೈಯಲ್ಲಿ ನಿಧಾನಕ್ಕೆ ತಿರುಗಿಸ್ತಾ (ಮುಂದಿನದಾದ್ರೆ ಗೇರ್ ನ್ಯೂಟ್ರಲ್) ಟಾರ್ಚ್ ಬಿಟ್ಟು ರಿಂಗ್ ನೋಡಿ. ಹಲ್ಲಿನ ರಿಂಗ್ ಆದ್ರೆ ಪೂರ್ತಿ ಒಂದು ಸುತ್ತು, ಹಲ್ಲುಗಳ ಮಧ್ಯೆ ಕೆಸರು ಗಟ್ಟಿಯಾಗಿದ್ರೆ ಟೂತ್ ಬ್ರಶ್ಶಲ್ಲಿ ತೆಗೀರಿ. ಒಂದು ಕಡೆ ಸೀಳು ಕಾಣ್ತಾ ಅಂದ್ರೆ ನಿಮ್ಮ ಕಳ್ಳ ಸಿಕ್ಕ, ಆಕ್ಸಲ್ ಮೇಲೆ ಒತ್ತಿ ಕೂರಿಸಿರೋ ರಿಂಗು ಅಡಿಯಲ್ಲಿ ತುಕ್ಕು ಉಬ್ಬಿ ಸೀಳೋದು ತುಂಬಾ ಮಾಮೂಲಿ, ಅದಕ್ಕೆ ಸೆನ್ಸರ್ ಎಷ್ಟು ಬದಲಾಯಿಸಿದ್ರೂ ಪ್ರಯೋಜನ ಇಲ್ಲ. ಮ್ಯಾಗ್ನೆಟ್ ಪಟ್ಟಿ ಇರೋ ಬೇರಿಂಗ್ ಆದ್ರೆ ವೈರ್ ಬ್ರಶ್ ಹಾಕ್ಬೇಡಿ, ಮ್ಯಾಗ್ನೆಟ್ ಇರೋ ಸ್ಕ್ರೂಡ್ರೈವರ್, ಪಿಕಪ್ ಟೂಲ್ ಏನನ್ನೂ ಹತ್ರ ತರಬೇಡಿ, ಮೆತ್ತಗಿನ ಬಟ್ಟೆಯಲ್ಲಿ ಕೈಗೆ ಸಿಕ್ಕಷ್ಟು ಒರೆಸಿ ಸಾಕು. ಬೇರಿಂಗ್ ಆಟ ಇದ್ಯಾ ಅಂತ ನೋಡೋದು ಕೊನೇಲಿ ಚಕ್ರ ಹಾಕಿ ಕೆಳಗಿಳಿಸೋಕೆ ಮುಂಚೆ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿದ್ರೆ ಟಕ್ ಟಕ್ ಅನ್ನಬಾರ್ದು.

ಮೀಟರ್ ಇಟ್ಟು ನೋಡೋದು

ಪ್ಯಾಸಿವ್ ಸೆನ್ಸರ್‌ಗೆ ಸುಲಭ. ಕನೆಕ್ಟರ್ ಬಿಚ್ಚಿ ಸೆನ್ಸರ್ ಕಡೆಯ ಎರಡು ಪಿನ್‌ಗೆ ಓಮ್‌ನಲ್ಲಿ ಇಟ್ರೆ ಹೆಚ್ಚಿನ ಕಾರುಗಳಲ್ಲಿ ಸಾವಿರ, ಸಾವಿರದೈನೂರು ಓಮ್ ಆಸುಪಾಸು ಬರತ್ತೆ, ಕಾರಿಂದ ಕಾರಿಗೆ ಬೇರೆ, ಅದಕ್ಕೆ ಆಚೆ ಕಡೆಯ ಒಳ್ಳೇ ಸೆನ್ಸರ್‌ನೂ ಅಳೆದು ಹೋಲಿಸಿ. ಸೊನ್ನೆ ಬಂದ್ರೆ ಶಾರ್ಟ್, ಮೀಟರ್ ಅಲ್ಲಾಡದೇ ಇದ್ರೆ ತುಂಡಾಗಿದೆ. ಅಳೀತಾ ಇರುವಾಗ ವೈರ್‌ನ ಬಗ್ಗಿಸಿ ಅಲ್ಲಾಡಿಸಿ ನೋಡಿ, ನಂಬರ್ ಕುಣಿದ್ರೆ ಒಳಗೆ ತಂತಿ ಮುರಿದು ಮುಟ್ಟಿ ಮುಟ್ಟದೆ ಇದೆ. ಆಮೇಲೆ ಸೆನ್ಸರ್ ಜಾಗದಲ್ಲಿ ಕೂರಿಸಿ ಮೀಟರ್ ಎಸಿ ಮಿಲಿವೋಲ್ಟ್‌ಗೆ ತಿರುಗಿಸಿ ಹಬ್ ತಿರುಗಿಸಿದ್ರೆ ವೋಲ್ಟೇಜ್ ಬರಬೇಕು, ಜೋರಾಗಿ ತಿರುಗಿಸಿದಷ್ಟೂ ಏರಬೇಕು.

ಆಕ್ಟಿವ್ ಸೆನ್ಸರ್‌ಗೆ ಓಮ್ ಇಡಬೇಡಿ, ಒಳಗೆ ಎಲೆಕ್ಟ್ರಾನಿಕ್ಸ್ ಇದೆ, ಬರೋ ನಂಬರಿಗೆ ಅರ್ಥ ಇಲ್ಲ, ಕೆಟ್ರೂ ಕೆಟ್ಟೀತು. ಕನೆಕ್ಟರ್ ಬಿಚ್ಚಿ ಕಾರಿನ ಕಡೆಯ ಪಿನ್‌ಗಳಲ್ಲಿ ಇಗ್ನಿಷನ್ ಆನ್ ಮಾಡಿ ಡಿಸಿ ವೋಲ್ಟ್ ನೋಡಿ, ಹೆಚ್ಚಿನವುಗಳಲ್ಲಿ ಬ್ಯಾಟರಿ ಹತ್ರದ ವೋಲ್ಟೇಜ್ ಬರತ್ತೆ. ಬರದೇ ಇದ್ರೆ ತಪ್ಪು ಸೆನ್ಸರ್‌ದಲ್ಲ, ಹಿಂದಿನ ವೈರಿಂಗ್‌ದು. ಬರ್ತಿದೆ, ರಿಂಗೂ ಚೆನ್ನಾಗಿದೆ, ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಆ ಚಕ್ರ ತಿರುಗಿಸಿದ್ರೂ ಸೊನ್ನೇನೇ ತೋರಿಸ್ತಿದೆ ಅಂದ್ರೆ ಆಗ ಸೆನ್ಸರ್ ತರೋಕೆ ಹೋಗಿ.

ಹೊಸದು ಹಾಕೋದಾದ್ರೆ

ಹಳೇದ್ರ ಮೇಲಿನ ಪಾರ್ಟ್ ನಂಬರ್ ಫೋಟೋ ಹೊಡ್ಕೊಂಡು ಹೋಗಿ, ಎಡ ಬಲ ವೈರ್ ಉದ್ದ, ಬಾಗು ಬೇರೆ ಇರೋ ಕಾರು ಬೇಕಾದಷ್ಟಿವೆ. ಆಕ್ಟಿವ್ ಇರೋ ಕಡೆ ಪ್ಯಾಸಿವ್ ಹಾಕಿದ್ರೆ ನಡಿಯಲ್ಲ. ಗುಜರಿಯಿಂದ ತಂದ ಸೆನ್ಸರ್ ಬಗ್ಗೆ ನನಗೆ ನಂಬಿಕೆ ಇಲ್ಲ, ಬಿಚ್ಚುವಾಗ್ಲೇ ಅರ್ಧ ಸತ್ತಿರ್ತವೆ.

ಮುಂದಿನದ್ರ ಕನೆಕ್ಟರ್ ಸಾಮಾನ್ಯವಾಗಿ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಹಿಂದೆ ಅಥವಾ ಬಾನೆಟ್ ಒಳಗೆ, ಹಿಂದಿನದು ಕೆಲವು ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ. ಹಳೇ ವೈರ್ ಬಿಚ್ಚೋಕೆ ಮುಂಚೆ ಅದು ಎಲ್ಲೆಲ್ಲಿ ಹೋಗಿದೆ ಅಂತ ಎರಡು ಮೂರು ಫೋಟೋ ತೆಗೀರಿ, ಹೊಸದು ಅದೇ ದಾರಿಯಲ್ಲಿ, ಅದೇ ಕ್ಲಿಪ್ಪುಗಳಲ್ಲಿ ಹೋಗ್ಬೇಕು, ಕ್ಲಿಪ್ ಮುರಿದಿದ್ರೆ ಟೈ ಹಾಕಿ, ಸುಮ್ನೆ ನೇತಾಡೋಕೆ ಬಿಟ್ರೆ ಟೈರಿಗೆ ಉಜ್ಜಿ ತಿಂಗಳೊಳಗೆ ಹೋಗತ್ತೆ. ತೂತಿನ ಗೋಡೆಗೆ ಒಂದು ಸವರು ಸಿಲಿಕಾನ್ ಗ್ರೀಸ್, ಮುಂದಿನ ಸಲ ಬಿಚ್ಚುವಾಗ ನಿಮ್ಮನ್ನ ನೀವೇ ಹೊಗಳ್ಕೊಳ್ತೀರಿ, ತುದಿಗೆ ಮಾತ್ರ ಹಚ್ಚಬೇಡಿ. ಬೋಲ್ಟ್ 8ರಿಂದ 10 ನ್ಯೂಟನ್ ಮೀಟರ್, ಅಂದ್ರೆ ಚಿಕ್ಕ ರಾಚೆಟ್ಟನ್ನ ಎರಡು ಬೆರಳಲ್ಲಿ ಹಿಡಿದು ಬಿಗಿ ಮಾಡಿದಷ್ಟು. ಕನೆಕ್ಟರ್ ಟಕ್ ಅಂತ ಸದ್ದು ಬರೋವರೆಗೆ ಒತ್ತಿ. ಮುಂದಿನ ಚಕ್ರ ಆದ್ರೆ ಸ್ಟೀರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ ವೈರ್ ಎಳೀತಿಲ್ಲ, ಎಲ್ಲೂ ತಾಗ್ತಿಲ್ಲ ಅಂತ ಕಣ್ಣಲ್ಲಿ ನೋಡಿ.

ಇಲಿ ಕಡಿದ ವೈರ್‌ಗೆ ನಾನೇನ್ ಮಾಡಿದೆ ಅಂತ ಕೇಳಬಹುದು. ಮೊದ್ಲು ಸುತ್ತಿ ಟೇಪ್ ಹಾಕಿದೆ, ಎಂಟೇ ದಿನ ಬಾಳಿಕೆ ಬಂತು, ಮಳೆ ನೀರು ಒಳಗೆ ಹೋಗಿ ಮತ್ತೆ ಲೈಟ್. ಚಕ್ರದ ಹತ್ರದ ವೈರ್ ಸದಾ ಬಗ್ಗಿ ಏಳ್ತಾ ಇರೋದ್ರಿಂದ ಅಲ್ಲಿ ಜೋಡಣೆ ನಿಲ್ಲಲ್ಲ, ಕೊನೆಗೆ ವೈರ್ ಸಮೇತ ಹೊಸ ಸೆನ್ಸರೇ ಹಾಕಿದೆ.

ಚಕ್ರ ಹಾಕಿ ನಟ್ಟುಗಳನ್ನ ಎದುರು ಬದುರು ಬಿಗಿ ಮಾಡಿ, ಕೆಳಗಿಳಿಸಿದ ಮೇಲೆ ಟಾರ್ಕ್ ರೆಂಚ್ ಇದ್ರೆ ನಿಮ್ಮ ಕಾರಿನ ಪುಸ್ತಕದಲ್ಲಿ ಹೇಳಿದಷ್ಟು, ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಒಳಗೆ ಇರತ್ತೆ. ಕೋಡ್ ಅಳಿಸಿ. ಸ್ಕ್ಯಾನರ್ ಇಲ್ದಿದ್ರೂ ಎಷ್ಟೋ ಕಾರುಗಳಲ್ಲಿ ಸ್ವಲ್ಪ ದೂರ ಓಡಿಸಿದ್ರೆ ಕಂಪ್ಯೂಟರ್ ನಾಲ್ಕೂ ಸಿಗ್ನಲ್ ನೋಡಿ ತಾನೇ ಲೈಟ್ ಆರಿಸತ್ತೆ. ಖಾಲಿ ರಸ್ತೆಯಲ್ಲಿ ಮೊದ್ಲು ನಿಧಾನಕ್ಕೆ ನಾಲ್ಕೈದು ಸಲ ಬ್ರೇಕ್ ಒತ್ತಿ ನಿಲ್ಲಿಸಿ, ಕೊನೆಯ ಒಂದೆರಡು ಅಡಿಯಲ್ಲಿ ಪೆಡಲ್ ನಡುಗಬಾರ್ದು. ನಡುಗ್ತಾ ಇದ್ರೆ ತೂತಿನ ತುಕ್ಕು ಇಲ್ಲಾ ರಿಂಗ್‌ನ ಸೀಳು, ಮತ್ತೆ ಬಿಚ್ಚಿ ಅವೆರಡನ್ನೇ ನೋಡಿ. ಸುಮಾರು 100 ಕಿಲೋಮೀಟರ್ ಆದ್ಮೇಲೆ ವೀಲ್ ನಟ್ಟುಗಳಿಗೆ ಇನ್ನೊಂದ್ಸಲ ಸ್ಪ್ಯಾನರ್ ಹಾಕಿ, ನಮ್ಮದ್ರಲ್ಲಿ ಒಂದು ನಟ್ಟು ಕಾಲು ಸುತ್ತು ತಗೊಳ್ತು.